ಹಾಸಿಗೆ ಹಿಡಿದ ಪೀಪಾಯಿ

ಸೇಬಿನ ತೋಟ ಹೂಬಿಟ್ಟಾಗ ಪೀಪಾಯಿಯೊಳಗಿನ ಸೈಡರ್, ಅಂದರೆ ಸೇಬಿನ ಮದ್ಯ, ಮತ್ತೆ ಹುದುಗೆದ್ದು ಹಾಡುತ್ತದೆಂಬುದು ಹೆರಿಫರ್ಡ್ ಸೀಮೆಯ ಕೂಸಿಗೂ ಗೊತ್ತು. ಗೊತ್ತಿದ್ದೂ ಒಬಡಯ ಸ್ಕರ್ಮ್ ಬಿರಡೆ ಜಡಿದು, ಮೇಣ ಮೆತ್ತಿ, ಪೀಪಾಯಿಯನ್ನು ಸತ್ತ ಅಪ್ಪನ ಮಂಚದಲ್ಲಿ ಮಲಗಿಸಿ, ಟೊಪ್ಪಿಗೆ ಇಟ್ಟು ಕೌದಿ ಹೊದಿಸಿದ್ದ. ಸೈಡರ್ ಕೊಡದಿದ್ದರೆ ಸುಗ್ಗಿಯ ಆಳುಗಳು ಕುಡುಗೋಲು ಮುಟ್ಟುವುದಿಲ್ಲ. ಉಳಿದಿದ್ದುದು ಇದೊಂದೇ. ಯುದ್ಧದ ಸಾಲ ತೀರಿಸಲು ಲಂಡನ್ನಿನವರು ಸೈಡರಿಗೆ ಹಾಕಿದ ಹೊಸ ಸುಂಕಕ್ಕೆ ಅವನು ಲೆಕ್ಕ ಕೊಟ್ಟಿರಲಿಲ್ಲ, ಸಿಕ್ಕಿದರೆ ಜಪ್ತಿ.

ನಿನ್ನೆ ಪಡಖಾನೆಯಲ್ಲಿ ಅವನು ಸುಂಕದ ಅಧಿಕಾರಿ ಲಗರನ ಮೂಗುದನಿಯನ್ನೇ ತೆಗೆದು, ಬಸುರಿಯನ್ನೂ ಪೀಪಾಯಿಯೆಂದು ಅಳೆಯುವವನಂತೆ ಅಣಕಿಸಿದ್ದ: “ತಾಯೀ, ಹೊಟ್ಟೆ ಸ್ವಲ್ಪ ದುಂಡಗಿದೆ, ಅಳೀಲೇನು?” ಜನ ಬಿದ್ದು ಬಿದ್ದು ನಕ್ಕಿದ್ದರು.

ಉಣ್ಣೆ ವ್ಯಾಪಾರಿ ಪ್ರಿಚರ್ಡ್ ಮಾತ್ರ ನಕ್ಕಿರಲಿಲ್ಲ. “ಬಿಯರಿಗೆ ಸುಂಕ ಕೊಡೋ ಪಟ್ಟಣದವರೇನು ಮಲಮಕ್ಕಳಾ? ನಮ್ಮ ಸರಕಿನ ಹಡಗು ಕಾಯೋಕೆ ನೌಕಾಪಡೆ ಬೇಕು, ಸುಂಕ ಬೇಡ್ವೇನಯ್ಯಾ?”

“ಸುಂಕ ತಗೊಳ್ಳಿ, ಹೊಸಿಲು ಬಿಡಿ! ಅಡುಗೆಮನೆಗೆ ನುಗ್ಗಿ ಅಳೆಯೋದು ಯಾವ ಸೀಮೆ ಸ್ವಾತಂತ್ರ್ಯ? ನನ್ನ ಮನೆ ನನ್ನ ಕೋಟೆ!” ಎಂದು ಸ್ಕರ್ಮ್ ಗುಡುಗಿದ್ದ.

ಇಂದು ಲಗರ್ ಅಳತೆಕೋಲು ಹಿಡಿದು ಹೊಸಿಲಲ್ಲಿ ನಿಂತಿದ್ದ.

“ಕೋಟೆ ದೊರೆಗಳೇ, ಬಾಗಿಲು ತೆಗೀರಿ,” ಎಂದಳು ಹೆಂಡತಿ ಥಾಮಸಿನ್. ತಾನು ಹೋಗಿ ಮಂಚದ ತಲೆಗಡೆ ಕೂತಳು.

ನೆಲಮಾಳಿಗೆ ಖಾಲಿ. ಲಗರ್ ಹೊರಡಬೇಕು, ಅಷ್ಟರಲ್ಲಿ ಕೌದಿಯೊಳಗಿಂದ “ಸುಂಯ್...”

ಸ್ಕರ್ಮ್ ಲಗರನಿಗೆ ಬೆನ್ನು ಮಾಡಿ ಮಂಚದ ಮೇಲೆ ಬಗ್ಗಿ, ಅಪ್ಪನ ದನಿಯಲ್ಲಿ ಗೊರಗೊರ ಕೆಮ್ಮಿ ಅದನ್ನು ಮುಚ್ಚಿದ. “ಅಪ್ಪನಿಗೆ ಉಬ್ಬಸ, ಸ್ವಾಮಿ.”

“ಛೆ, ಪಾಪ. ನಮ್ಮಪ್ಪನೂ ಹೀಗೇ ಹೋದ್ರು.” ಲಗರ್ ಸ್ಟೂಲು ಎಳೆದುಕೊಂಡ. “ಒಂದಿಷ್ಟು ಹೊತ್ತು ಕೂತಿರ್ತೀನಿ.”

ಕೂತೇಬಿಟ್ಟ. ಕಿಟಕಿಯಾಚೆ ತೋಟ ಬೆಳ್ಳಗೆ ಅರಳಿ ನಿಂತಿತ್ತು. ಒಳಗೆ ಸುಂಯ್ ಎಂದಾಗಲೆಲ್ಲ ಸ್ಕರ್ಮ್ ಕೆಮ್ಮಿದ, ನರಳಿದ, ಗೊರಕೆ ಹೊಡೆದ, ಗಂಟಲು ಹರಿಯಿತು. ಒಳಗಿನ ಒತ್ತಡಕ್ಕೆ ಪೀಪಾಯಿಯ ಪಟ್ಟಿಗಳು ಕಿರ್ರೆಂದವು. ಬಿರಡೆ ತೆಗೆದರೆ ಗುಟ್ಟು ಬಯಲು, ಬಿಟ್ಟರೆ ಪೀಪಾಯಿ ಸಿಡಿದು ಹಲಗೆಗಳು ಮೊದಲು ಹೊಡೆಯುವುದು ಥಾಮಸಿನ್‌ಳ ಮುಖಕ್ಕೇ. ಎದ್ದರೆ ಅನುಮಾನವೆಂದು ಅವಳು ಏಳಲೂ ಆರಳು. ಎರಡೂ ಕೈಯಿಂದ ಕೌದಿಯನ್ನು ಅದುಮಿ ಹಿಡಿದಳು.

“ರೀ...” ಎಂದಳು. ಆ ದನಿಯಲ್ಲಿ ಕುಚೋದ್ಯವಿರಲಿಲ್ಲ.

ಸ್ಕರ್ಮ್ ಕೌದಿ ಕಿತ್ತೆಸೆದು ಬಿರಡೆ ಎಳೆದ. ನೊರೆ ಸೂರಿನ ತೊಲೆಗೆ ಚಿಮ್ಮಿತು.

ಲಗರ್ ಮುಖ ಒರೆಸಿಕೊಂಡ. “ಅಪ್ಪಾವ್ರಿಗೆ ಈಗ ಉಸಿರಾಟ ಸರಾಗವಾಯ್ತು ನೋಡಿ,” ಎಂದ, ಅದೇ ಮೂಗುದನಿಯಲ್ಲಿ. ನಿಧಾನವಾಗಿ ಪೀಪಾಯಿಯ ಬಾಯೊಳಗೆ ಅಳತೆಕೋಲು ಇಳಿಬಿಟ್ಟ.

ಬಿರಡೆ ಹಿಡಿದೇ ನಿಂತಿದ್ದ ಸ್ಕರ್ಮ್ ಬಾಯಿ ತೆರೆದ. ಯಾರ ದನಿಯೂ ಬರಲಿಲ್ಲ, ತನ್ನದು ಕೂಡ.