ಬುರ್ರೆನಿಸಿದರೆ ಬ್ಯಾಟರಿ ತುಂಬದು

ನಮ್ಮ ಬೀದಿಯ ಟೈಲರ್‌ಗೆ ನಾವಿಟ್ಟ ಹೆಸರು ಪಾಲಿಶ್ ಮಾವ. ಕಾರನ್ನು ದಿನಾ ಉಜ್ಜುತ್ತಿದ್ದರು, ಓಡಿಸುತ್ತಿರಲಿಲ್ಲ. ಧೂಳು ಹಿಡಿಯುತ್ತದಂತೆ! ತುಂಬು ಗರ್ಭಿಣಿ ಮಗಳನ್ನು ಹೆರಿಗೆಗೆ ತಾವೇ ಅದರಲ್ಲಿ ಕರೆದೊಯ್ಯಬೇಕೆಂಬುದು ಅವರ ದೊಡ್ಡ ಆಸೆ. ಅದಕ್ಕೇ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಹಾಡು ಹಾಕಿ, ಎರಡೇ ನಿಮಿಷಕ್ಕೆ ಆರಿಸುತ್ತಿದ್ದರು.

ಅವರ ತಂಗಿ ಗಾಡಿಗಳ ಎಲೆಕ್ಟ್ರಿಷಿಯನ್. ಬಾಯಿ ಸ್ವಲ್ಪ ಜೋರು. ಒಂದು ದಿನ ಬಂದವಳು ಇದನ್ನು ನೋಡಿದಳು.

"ಅಣ್ಣಾ, ಏನಿದು ಬುರ್ ಅನ್ಸೋದು?"

"ಬ್ಯಾಟರಿ ಚಾರ್ಜ್ ಮಾಡ್ತಿದ್ದೀನಿ ಕಣೇ."

"ಚಾರ್ಜಲ್ಲ, ಖಾಲಿ ಮಾಡ್ತಿದ್ದೀಯ! ಸ್ಟಾರ್ಟ್ ಮಾಡೋಕೇ ಬ್ಯಾಟರಿ ಶಕ್ತಿ ಸುಮಾರು ಹೋಗುತ್ತೆ. ಅದನ್ನ ತಿರುಗಿ ತುಂಬೋದು ಇಂಜಿನ್ ಪಕ್ಕದ ಆಲ್ಟರ್ನೇಟರ್. ಇಂಜಿನ್ ಬೆಲ್ಟ್ ಅದನ್ನ ತಿರುಗಿಸ್ಬೇಕು, ಆಗ ಕರೆಂಟು. ಎರಡು ನಿಮಿಷದಲ್ಲಿ ಏನು ತುಂಬೀತು? ವಾರಕ್ಕೊಂದ್ಸಲನಾದ್ರೂ ಅರ್ಧ ಗಂಟೆ ರಸ್ತೇಲಿ ಓಡ್ಸು."

"ಹೋಗೇ, ಹೇಗೆ ಫಳಫಳ ಅಂತಿದೆ ನೋಡು!"

ಆಕೆ ಬಾನೆಟ್ ಎತ್ತಿದಳು. ಬ್ಯಾಟರಿಯ ತುದಿಗಳಿಗೆ ಬಿಳಿ ಪುಡಿ ಮೆತ್ತಿತ್ತು. "ಮೇಲೆ ಥಳುಕು, ಒಳಗೆ ಹುಳುಕು!" ಎಂದಳು. ಮಾವ ಮುನಿಸಿಕೊಂಡು ಬಾನೆಟ್ ಮುಚ್ಚಿಬಿಟ್ಟರು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಮಗಳಿಗೆ ನೋವು ಶುರುವಾಯಿತು. ಮಾವ ಕೀಲಿ ತಿರುಗಿಸಿದರು. ಟಕ್, ಟಕ್. ಅಷ್ಟೇ! ಅಯ್ಯೋ, ಅವರ ಮುಖ ನೋಡಲಾಗುತ್ತಿರಲಿಲ್ಲ. ಫೋನ್ ಮಾಡಿದ ಕೂಡಲೇ ತಂಗಿ ತನ್ನ ಸಾಮಾನಿನ ವ್ಯಾನ್ ತಂದಳು.

"ರಿಪೇರಿ ಆಮೇಲೆ. ಅತ್ತಿಗೆ, ಅವಳನ್ನ ಹತ್ತಿಸಿ!"

ಮುಂದೆ ಮೂವರಿಗಷ್ಟೇ ಜಾಗ: ತಂಗಿ, ಮಗಳು, ಮಾವನ ಹೆಂಡತಿ. ಮಾವ ಬೀದಿಯಲ್ಲೇ ಉಳಿದರು. ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೊಮ್ಮಗಳು ಹುಟ್ಟಿಯಾಗಿತ್ತು.

"ಅಪ್ಪಾ, ಕಾರಿಗಿಂತ ಇವಳೇ ಬೇಗ ಸ್ಟಾರ್ಟ್ ಆದ್ಲು!" ಎಂದು ಮಗಳು ನಕ್ಕಳು. ಮಾವನಿಗೆ ನಗುವೂ ಬಂತು, ಅಳುವೂ ಬಂತು.

"ನೀನು ಹೇಳಿದ ಹಾಗೇ ಮಾಡ್ತೀನಿ ಕಣೇ" ಎಂದು ತಂಗಿಗೆ ಶರಣಾದರು.

ಮರುದಿನ ಆಕೆ ಕೈಗವಸು, ಕನ್ನಡಕ ಹಾಕಿ, ಕಾರಿನ ಕೀಲಿ ತೆಗೆದಿಟ್ಟು ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿದಳು, ಆಮೇಲೆ ಪ್ಲಸ್. ಅಡುಗೆ ಸೋಡಾ ಕಲಸಿದ ನೀರಿನಿಂದ ಪುಡಿ ಉಜ್ಜಿ ಒರೆಸಿದಳು. ಗಾಳಿಯಾಡುವ ಜಾಗದಲ್ಲಿ ಚಾರ್ಜರ್ ಹಾಕಿದಳು. "ಹತ್ರ ಬೆಂಕಿ, ಬೀಡಿ ಏನೂ ಬೇಡ. ಬ್ಯಾಟರಿಯಿಂದ ಬರೋ ಗ್ಯಾಸ್ ಹೊತ್ಕೊಳ್ಳುತ್ತೆ." ಮತ್ತೆ ಜೋಡಿಸುವಾಗ ಪ್ಲಸ್ ಮೊದಲು. ಬೆಲ್ಟ್ ಬಿಗಿಯಾಗಿತ್ತು. ಇಂಜಿನ್ ಓಡುವಾಗ ಮೀಟರ್ ಹದಿನಾಲ್ಕು ವೋಲ್ಟ್ ತೋರಿಸಿತು.

"ಆಲ್ಟರ್ನೇಟರ್ ಗಟ್ಟಿಯಾಗಿದೆ. ಓಡಿಸುವಾಗ ಕೆಂಪು ಬ್ಯಾಟರಿ ದೀಪ ಉರೀತಾ ಇದ್ರೆ ತಡ ಮಾಡ್ಬೇಡ, ತೋರ್ಸು. ಇಂಜಿನ್ ಓಡುವಾಗ ಮಾತ್ರ ಬ್ಯಾಟರಿ ವೈರ್ ಕೀಳಬೇಡ."

ಬಾಣಂತಿಯನ್ನು ಕರೆತರುವ ದಿನ ಕೀಲಿ ತಿರುಗಿಸಿದ್ದೇ ತಡ, ಕಾರು ಹೊರಟಿತು. ಮಾವನ ಖುಷಿಗೆ ಮಿತಿಯೇ ಇಲ್ಲ.

"ರೀ, ಮನೆ ದಾಟಿ ಹೋಯ್ತಲ್ರೀ!" ಆಸ್ಪತ್ರೆಯಿಂದ ಬರುವಾಗ ಹಿಂದಿನ ಸೀಟಿನಿಂದ ಹೆಂಡತಿ ಎಂದರು.

"ಬ್ಯಾಟರಿ ತುಂಬ್ಲಿ ಬಿಡೇ. ಮಗು ಮಲಗಿದೆ."

ಓದುಗರೇ, ನಿಮ್ಮ ಕಾರು ನಿಂತು ಎಷ್ಟು ದಿನವಾಯಿತು? ಇವತ್ತೇ ಬಾನೆಟ್ ಎತ್ತಿ ನೋಡಿ, ಒಂದು ಸುತ್ತು ಹೋಗಿ ಬನ್ನಿ. ಮನೆಯವರು ನೋವಿನಲ್ಲಿ ಕರೆದಾಗ ಹೊರಡದ ಕಾರು ಎಷ್ಟು ಹೊಳೆದರೇನು?