ಇಪ್ಪತ್ತು ತುಂಬಿದವಳು

ಜನವರಿಯ ಎರಡನೇ ಸೋಮವಾರ ಬೆಳಗ್ಗೆ ಎಂಟೂವರೆಗೆಲ್ಲ ಕೋಕಿಲಾ ಶಿನ್ ಯೋಕೋಹಾಮಾ ನಿಲ್ದಾಣದಿಂದ ಒಳಾಂಗಣ ಕ್ರೀಡಾಂಗಣಕ್ಕೆ ಹೋಗುವ ರಸ್ತೆಯ ತಿರುವಿನಲ್ಲಿ ನಿಂತಿದ್ದಳು. ನಿಶಿ ಕಸಾಯಿಯಲ್ಲಿರುವ ಗೆಳತಿ ತಾರಾ ಮನೆಗೆ ಹೋಗಿ ಬರುತ್ತೇನೆ, ಅವಳ ಇಡ್ಲಿ ಪಾತ್ರೆ ನಮ್ಮಲ್ಲೇ ಉಳಿದುಬಿಟ್ಟಿದೆ ಎಂದು ಗಂಡನಿಗೆ ಸುಳ್ಳು ಹೇಳಿ ಬಂದಿದ್ದಳು. ಸುಳ್ಳಿಗೆ ಸಾಕ್ಷಿ ಇರಲೆಂದು ಪಾತ್ರೆಯನ್ನೂ ಚೀಲದಲ್ಲಿ ಹೊತ್ತು ತಂದಿದ್ದಳು. ಅದರ ಅಡಿಯಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಮಗಳ ಪಾಸ್‌ಪೋರ್ಟ್ ಇತ್ತು.

ಮಗಳು ಅನು ಮನೆ ಬಿಟ್ಟು ಹೋಗಿ ಇಪ್ಪತ್ತೆರಡು ತಿಂಗಳಾಗಿತ್ತು. ಬರುವ ಗುರುವಾರ ಕೋಕಿಲಾ ಮತ್ತು ಮಧುಕರ್ ಜಪಾನ್ ಬಿಟ್ಟು ಮೈಸೂರಿಗೆ ಹೊರಡಬೇಕಿತ್ತು. ಹದಿಮೂರು ವರ್ಷದ ಸಂಸಾರವೆಲ್ಲ ಪೆಟ್ಟಿಗೆ ಸೇರಿ ಹಡಗು ಹತ್ತಿತ್ತು. ಮಗಳು ಎಲ್ಲಿದ್ದಾಳೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅನು ಹಳೆಯ ಫೋನ್ ನಂಬರು, ಇಮೇಲು ಎಲ್ಲವನ್ನೂ ಮುಚ್ಚಿಬಿಟ್ಟಿದ್ದಳು. ವಾರ್ಡ್ ಕಚೇರಿಯಲ್ಲಿ ಕೇಳಿದಾಗ ಅಲ್ಲಿನ ಹೆಂಗಸು ಎರಡು ಸಲ ತಲೆಬಾಗಿ, "ಅವರೇ ಕೋರಿಕೊಂಡಿದ್ದಾರೆ, ವಿಳಾಸ ಕೊಡುವಂತಿಲ್ಲ" ಎಂದಿದ್ದಳು. ಹದಿನೆಂಟು ತುಂಬಿದವರು ಈ ದೇಶದಲ್ಲಿ ದೊಡ್ಡವರು. ತಾಯಿ ಕೇಳಿದರೂ ಅಷ್ಟೇ, ಪೊಲೀಸರು ಕೇಳಿದರೂ ಅಷ್ಟೇ ಎನ್ನುವಂತಿತ್ತು ಆ ತಲೆಬಾಗುವ ರೀತಿ.

ಸುಳಿವು ಸಿಕ್ಕಿದ್ದು ಸೂಪರ್ ಮಾರ್ಕೆಟ್ಟಿನಲ್ಲಿ. ಅನುವಿನ ಹೈಸ್ಕೂಲ್ ಗೆಳತಿ ಮಿಜುಕಿಯ ತಾಯಿ ಮೂಲಂಗಿ ಆರಿಸುತ್ತ, "ಮಿಜುಕಿ, ಅನು ಇಬ್ಬರೂ ಸೇರಿ ಸಮಾರಂಭಕ್ಕೆ ಹೋಗುತ್ತಾರಂತಲ್ಲ, ಸಂತೋಷ" ಎಂದುಬಿಟ್ಟಿದ್ದಳು. ಕೋಕಿಲಾಳ ಮುಖ ನೋಡಿ, ಇವಳಿಗೆ ತಿಳಿದಿರಲಿಲ್ಲವೆಂದು ಹೊಳೆದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಬುಟ್ಟಿಯೊಡನೆ ಹೊರಟೇ ಹೋದಳು. ಆ ವರ್ಷ ಇಪ್ಪತ್ತಾಗುವವರನ್ನೆಲ್ಲ ಊರೇ ಕರೆದು ಹರಸುವ ಸಮಾರಂಭ ಅದು. ಯೋಕೋಹಾಮಾದಲ್ಲಿ ಹುಟ್ಟಿದವರಿಗೂ ಆಹ್ವಾನ, ಬಂದು ನೆಲೆಸಿದವರಿಗೂ ಆಹ್ವಾನ. ಕೆಲವು ವಾರ್ಡುಗಳಿಗೆ ಬೆಳಗ್ಗೆ, ಕೆಲವಕ್ಕೆ ಮಧ್ಯಾಹ್ನ. ಅನುವಿನದು ಯಾವ ವಾರ್ಡೋ ತಿಳಿಯದ ಕೋಕಿಲಾ ಇಡೀ ದಿನ ನಿಲ್ಲುವುದೆಂದೇ ಬಂದಿದ್ದಳು.

ಒಂಬತ್ತಾಗುತ್ತಲೇ ರಸ್ತೆ ತುಂಬಿತು. ಹುಡುಗಿಯರೆಲ್ಲ ಫುರಿಸೋದೆ ಉಟ್ಟಿದ್ದರು. ಮದುವೆಯಾಗದ ಹೆಣ್ಣುಮಕ್ಕಳು ಉಡುವ ಕಿಮೋನೋ, ಮೊಣಕಾಲಿನ ಕೆಳಗಿನವರೆಗೆ ಇಳಿಬಿದ್ದ ತೋಳು. ಕುತ್ತಿಗೆಗೆ ಬಿಳಿ ತುಪ್ಪಳ, ತಲೆಗೆ ಹೂವು. ತನ್ನ ಬಣ್ಣದ ಮುಖವನ್ನು ಈ ಗುಂಪಿನಲ್ಲಿ ಕಂಡುಹಿಡಿಯುವುದು ಸುಲಭ ಎಂದುಕೊಂಡಿದ್ದಳು ಕೋಕಿಲಾ. ಹಾಗಿರಲಿಲ್ಲ. ಎಲ್ಲ ಮುಖಕ್ಕೂ ದಪ್ಪ ಮೇಕಪ್ಪು, ಎಲ್ಲರೂ ಗುಂಪಿನಲ್ಲಿ ತಲೆ ತಗ್ಗಿಸಿ ಫೋನು ನೋಡುತ್ತ ನಡೆಯುವವರು. ಎರಡು ಸಲ ಕಪ್ಪು ಜಡೆಯೊಂದರ ಹಿಂದೆ ಓಡಿದಳು. ಒಬ್ಬಳು ನೇಪಾಳದವಳು. ಇನ್ನೊಬ್ಬಳು ಯಾವ ದೇಶದವಳೋ, ಹೆದರಿ ಗೆಳತಿಯ ತೋಳು ಹಿಡಿದುಕೊಂಡಳು.

ಅನುವಿಗೆ ಹನ್ನೆರಡು ವರ್ಷವಾಗಿ ಮೈನೆರೆದಾಗ ಕೋಕಿಲಾ ಅಪಾರ್ಟ್‌ಮೆಂಟಿನ ಬಾಗಿಲು ಹಾಕಿಕೊಂಡು, ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ, ಒಬ್ಬಳೇ ಆರತಿ ಎತ್ತಿದ್ದಳು. ಹಾಡಲು ಇನ್ನೊಂದು ಹೆಂಗಸಿರಲಿಲ್ಲ. ಇವತ್ತು ಅದೇ ಮಗಳಿಗಾಗಿ ಊರಿಗೆ ಊರೇ ಸೇರಿತ್ತು, ತಾಯಿ ಬೀದಿಯ ತಿರುವಿನಲ್ಲಿ ನಿಂತಿದ್ದಳು.

ಆಗಿದ್ದಿಷ್ಟು. ಅನು ಹೈಸ್ಕೂಲು ಮುಗಿಸುವ ಹೊತ್ತಿಗೆ ಮಧುಕರ್‌ನ ಕಂಪನಿ ಅವನನ್ನು ವಾಪಸ್ ಕರೆಸುವ ಮಾತಾಡಿತ್ತು. ಅನು ಬರುವುದಿಲ್ಲ ಎಂದಳು. ಇಲ್ಲೇ ಶಿಶುವಿಹಾರದ ಟೀಚರ್ ಓದುತ್ತೇನೆ, ವೀಸಾ ಬದಲಾಯಿಸಿಕೊಳ್ಳುತ್ತೇನೆ ಎಂದಳು. "ಆಯಾ ಕೆಲಸಕ್ಕೆ ಇಷ್ಟು ಓದಿಸಿದ್ನಾ?" ಎಂದು ಮಧುಕರ್ ಊಟದ ಮೇಜಿನಲ್ಲೇ ಕೆನ್ನೆಗೆ ಹೊಡೆದ. ಮೊದಲ ಸಲ. "ಅವಳ ಪಾಸ್‌ಪೋರ್ಟ್ ಎತ್ತಿಡು" ಎಂದು ಹೆಂಡತಿಗೆ ಹೇಳಿದ. ಕೋಕಿಲಾ ಎತ್ತಿಟ್ಟಳು. ಎರಡು ವಾರದ ಮೇಲೆ, ಅವಳು ತರಕಾರಿ ತರಲು ಹೋಗಿದ್ದಾಗ ಅನು ಹೊರಟುಹೋದಳು. ಫ್ರಿಜ್ಜಿನ ಮೇಲೆ ಜಪಾನೀಯಲ್ಲಿ ಒಂದು ಚೀಟಿ. ಕೋಕಿಲಾಳಿಗೆ ಓದಲು ಬರುತ್ತಿರಲಿಲ್ಲ. ಫೋನು ಅದರ ಮೇಲೆ ಹಿಡಿದಾಗ ಕನ್ನಡ ಮೂಡಿತು: "ದಯವಿಟ್ಟು ಹುಡುಕಬೇಡಿ. ಇಲ್ಲಿಯವರೆಗೆ ನೋಡಿಕೊಂಡಿದ್ದಕ್ಕೆ ಧನ್ಯವಾದಗಳು." ಅದಾಗಿ ತಿಂಗಳೊಳಗೆ ಕಂಪನಿ ಮಧುಕರ್‌ನನ್ನು ಇನ್ನೆರಡು ವರ್ಷ ಇಲ್ಲೇ ಉಳಿಸಿಕೊಂಡಿತು.

ಬೆಳಗಿನ ಸಮಾರಂಭ ಮುಗಿದು ಜನ ಹೊರಬಂದರು. ಅನು ಇರಲಿಲ್ಲ. ಕಾಲು ಮರಗಟ್ಟಿತ್ತು. ಹತ್ತಿರದ ಕೊಂಬಿನಿ ಅಂಗಡಿಗೆ ಹೋಗಿ ಬಿಸಿ ಏನಾದರೂ ಕುಡಿಯೋಣವೆಂದರೆ ಅಷ್ಟರಲ್ಲೇ ಅವಳು ಹಾದುಹೋದರೆ ಎಂಬ ಭಯ. ಹನ್ನೆರಡೂವರೆಗೆ ಮಧುಕರ್ ಫೋನ್ ಮಾಡಿದ.

"ತಾರಾ ಮನೇಲಿ ಇದ್ದೀಯಾ?"

"ಹೂಂ. ಈಗ ತಾನೇ ಕಾಫಿ ಆಯ್ತು."

ಅಷ್ಟರಲ್ಲಿ ಪಕ್ಕದ ಕಾವಲಿನವನು ಧ್ವನಿವರ್ಧಕ ಎತ್ತಿ, ಇಪ್ಪತ್ತು ತುಂಬಿದವರೆಲ್ಲ ಎಡಬದಿಯಲ್ಲಿ ಸಾಗಬೇಕು ಎಂದು ಕೂಗಿದ. ಮಧುಕರ್‌ಗೆ ಜಪಾನೀ ಚೆನ್ನಾಗಿ ಬರುತ್ತಿತ್ತು.

"ಚಳಿ ಇದೆ. ಸ್ಕಾರ್ಫ್ ಹಾಕ್ಕೊಂಡಿದ್ದೀಯಾ?"

"ಹೂಂ."

"ಸರಿ. ನಿಧಾನಕ್ಕೆ ಬಾ. ಪ್ಯಾಕಿಂಗ್ ನಾನು ನೋಡ್ಕೋತೀನಿ."

ಮಧ್ಯಾಹ್ನದ ಗುಂಪು ಬರತೊಡಗಿತು. ಒಂದೂವರೆ ಸುಮಾರಿಗೆ ಕಡುಹಸಿರು ಕಿಮೋನೋದವಳೊಬ್ಬಳು ಕೋಕಿಲಾಳನ್ನು ದಾಟಿ ಮುಂದೆ ಹೋದಳು. ಹಿಂದಿನಿಂದ ಕಂಡದ್ದು ಕಟ್ಟಿದ ಕೂದಲು, ಸೊಂಟಪಟ್ಟಿಯ ದೊಡ್ಡ ಗಂಟು. ಆದರೆ ಎಡಗಾಲು ಸ್ವಲ್ಪ ಒಳಕ್ಕೆ ತಿರುಗಿಸಿ ಹಾಕುವ ನಡಿಗೆ. ಅದನ್ನು ಸರಿಮಾಡಲು ಮೂರು ವರ್ಷದ ಕೂಸಿಗೆ ಎಣ್ಣೆ ಹಚ್ಚಿ ನೀವಿದ ಕೈ ಇವಳದು.

"ಅನು."

ಹುಡುಗಿ ತಿರುಗಿದಳು. ಮೊದಲು ಅವಳ ಕಣ್ಣು ತಾಯಿಯನ್ನು ಬಿಟ್ಟು ಅವಳ ಹಿಂದೆ, ಅಕ್ಕಪಕ್ಕ ಎಲ್ಲ ಹುಡುಕಿತು.

"ಅಪ್ಪ?"

"ಬಂದಿಲ್ಲ. ನಾನೊಬ್ಳೇ."

ಜೊತೆಗಿದ್ದ ಮಿಜುಕಿ ಕೋಕಿಲಾಳಿಗೆ ತಲೆಬಾಗಿ ಎರಡು ಹೆಜ್ಜೆ ಆಚೆ ಸರಿದಳು, ಅದಕ್ಕಿಂತ ದೂರ ಹೋಗಲಿಲ್ಲ. ಕೋಕಿಲಾಳಿಗೆ ಹೇಳಬೇಕೆಂದುಕೊಂಡು ಬಂದಿದ್ದೆಲ್ಲ ಮರೆತುಹೋಗಿತ್ತು.

"ಚೆನ್ನಾಗಿ ಕಾಣ್ತಿದ್ದೀಯ ಪುಟ್ಟಿ. ಯಾರು ಉಡಿಸಿದ್ರು?"

"ಮಿಜುಕಿಯ ಅಕ್ಕಂದು ಇದು. ಅವಳ ಅಜ್ಜಿ ಉಡಿಸಿದ್ರು."

ಅನುವಿನ ಕನ್ನಡ ಏಳು ವರ್ಷದ ಹುಡುಗಿಯ ಕನ್ನಡವಾಗಿಯೇ ನಿಂತುಬಿಟ್ಟಿತ್ತು. ಅಷ್ಟು ವಯಸ್ಸಿಗೆ ಅವಳು ಈ ದೇಶಕ್ಕೆ ಬಂದದ್ದು. ಕೋಕಿಲಾ ಚೀಲಕ್ಕೆ ಕೈ ಹಾಕಿ, ಇಡ್ಲಿ ಪಾತ್ರೆ ಹೊರಗೆ ತೆಗೆದು ನೆಲದ ಮೇಲಿಟ್ಟು, ಕರವಸ್ತ್ರದ ಗಂಟು ಬಿಚ್ಚಿ ಪಾಸ್‌ಪೋರ್ಟ್ ಮುಂದೆ ಹಿಡಿದಳು.

ಅನು ತೆಗೆದುಕೊಳ್ಳಲಿಲ್ಲ.

"ಇದು ವರ್ಕ್ ಆಗಲ್ಲ ಅಮ್ಮ. ಕಳೆದುಹೋಯ್ತು ಅಂತ ಪೊಲೀಸ್‌ಗೆ ಹೇಳಿದೆ. ಎಂಬೆಸಿಯಿಂದ ಹೊಸದು ಬಂತು. ಆಗಲೇ."

"ಇದನ್ನ ಬಚ್ಚಿಟ್ಟಿದ್ದು ಅಪ್ಪ ಅಲ್ಲ ಅನು. ಅವರು ಹೇಳಿದ್ದು ನಿಜ. ಆದ್ರೆ ಇಟ್ಟಿದ್ದು ನಾನು."

"ಗೊತ್ತು."

"ಗೊತ್ತಾ?"

"ಅಕ್ಕಿ ಡಬ್ಬದಲ್ಲಿ. ನಾನು ಡೋರ್ ಹತ್ರ ನಿಂತಿದ್ದೆ. ನೀನು ಅಕ್ಕಿ ಒಳಗೆ ಹಾಕಿ, ಮೇಲೆ ಕೈಯಲ್ಲಿ ಸರಿ ಮಾಡಿದೆ. ಆಮೇಲೆ ನನ್ನ ಜೊತೆ ಹುಡುಕಿದೆ. ಬೀರು, ಬೆಡ್ ಕೆಳಗೆ, ಎಲ್ಲಾ. ಮೂರು ದಿನ ಹುಡುಕಿದೆ ನೀನು."

ಕೋಕಿಲಾಳಿಗೆ ನೆನಪಾಯಿತು. ನಿಜ. ಹಾಸಿಗೆಯ ಕೆಳಗೆ ಟಾರ್ಚ್ ಹಿಡಿದು, "ದೇವ್ರೇ, ಎಲ್ಲಿ ಹೋಯ್ತೋ" ಎಂದು ಗೊಣಗಿದ್ದು ತನ್ನದೇ ಬಾಯಿ.

"ಮತ್ತೆ... ತಗೊಂಡು ಹೋಗ್ಬೇಕಿತ್ತಲ್ಲ."

"ನೀನು ಹೇಳ್ತೀಯ ಅಂತ ಕಾದೆ." ಅನುವಿನ ದನಿ ಏರಲಿಲ್ಲ. "ಅಪ್ಪ ಹೊಡೆದಿದ್ದಕ್ಕೆ ನಾನು ಹೋಗಿದ್ದಲ್ಲ ಅಮ್ಮ."

ಗುಂಪು ಇಬ್ಬರ ನಡುವೆ ನುಗ್ಗಿ, ಸೀಳಿಕೊಂಡು ಹೋಗುತ್ತಿತ್ತು. ಮಿಜುಕಿ ಗಡಿಯಾರ ನೋಡಿಕೊಂಡಳು. ಕೋಕಿಲಾ ಮಗಳ ಉದ್ದನೆಯ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು.

"ನಿನ್ನ ಕಳ್ಕೊಂಡುಬಿಡ್ತೀನಿ ಅಂತ ಹೆದರಿಕೆ ಆಯ್ತು. ಬೇರೆ ಏನೂ ಇಲ್ಲ. ಗುರುವಾರ ನಾವು ಹೋಗ್ತಿದ್ದೀವಿ, ವಾಪಸ್ ಬರಲ್ಲ. ನೀನು ಬಾ ಅಂತ ಕೇಳಲ್ಲ. ನಿನ್ನ ನಂಬರ್ ಕೊಡು ಸಾಕು."

"ಈಗ ಬೇಡ ಅಮ್ಮ."

"ನಿನ್ನ ಕಾಲಿಗೆ ಬೀಳ್ತೀನಿ ಕಣೇ." ಹೇಳುತ್ತ ನಿಜಕ್ಕೂ ಬಗ್ಗಿದಳು. ಅನು ಗಾಬರಿಯಾಗಿ ಅವಳ ಭುಜ ಹಿಡಿದು ಎತ್ತಿದಳು. ಆ ಎತ್ತುವುದರಲ್ಲಿ ಇಬ್ಬರ ಹಣೆಯೂ ಹತ್ತಿರ ಬಂದು, ಒಂದು ಕ್ಷಣ ಅನು ಹಾಗೇ ನಿಂತಳು. ಹೇರ್ ಸ್ಪ್ರೇಯ ವಾಸನೆ. ಮಗಳ ವಾಸನೆ ಅದರಡಿಯಲ್ಲಿ ಎಲ್ಲೋ.

"ನಿಮ್ಮ ನಂಬರ್ ಬರಿ," ಎಂದಳು ಅನು. "ಮಾರ್ಚ್‌ನಲ್ಲಿ ಕಾಲೇಜ್ ಮುಗಿಯುತ್ತೆ. ಆಮೇಲೆ... ನೋಡ್ತೀನಿ."

ಕೋಕಿಲಾಳ ಜಪಾನಿನ ಸಿಮ್ ಗುರುವಾರ ನಿಂತುಹೋಗುವುದಿತ್ತು. ಮೈಸೂರಿನಲ್ಲಿ ತಂಗಿ ಇಂದಿರಾಳ ನಂಬರು ಬಾಯಿಗೆ ಬರುತ್ತಿತ್ತು. ಮಿಜುಕಿ ಪೆನ್ನು ಕೊಟ್ಟಳು. ಬರೆಯಲು ಕಾಗದವಿಲ್ಲ. ಅನು ಕೈಯಲ್ಲಿದ್ದ ಆಹ್ವಾನದ ಕಾರ್ಡಿನ ಹಿಂಬದಿ ತಿರುಗಿಸಿ ಕೊಟ್ಟಳು. ಮರಗಟ್ಟಿದ ಬೆರಳಲ್ಲಿ ಕೋಕಿಲಾ ಒಂದೊಂದೇ ಅಂಕಿ ಒತ್ತಿ ಬರೆದು, ಅದರಡಿ ಇಂಗ್ಲಿಷಿನಲ್ಲಿ ಇಂದಿರಾ ಚಿಕ್ಕಮ್ಮ ಎಂದೂ ಬರೆದಳು. "ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ನರಿತಾ ಏರ್‌ಪೋರ್ಟ್. ಬರೋಕಾದ್ರೆ ಬಾ."

ಅನು ತಲೆಯಾಡಿಸಿದಳೋ, ತಲೆಬಾಗಿದಳೋ ಗೊತ್ತಾಗಲಿಲ್ಲ. ಇಬ್ಬರೂ ಹುಡುಗಿಯರು ಚಿಕ್ಕ ಚಿಕ್ಕ ಹೆಜ್ಜೆಯಿಡುತ್ತ ಬಾಗಿಲ ಕಡೆ ನಡೆದರು. ಬಾಗಿಲವರೆಗೆ ಕಟ್ಟಿದ್ದ ಬೇಲಿಯ ಹೊರಗಿನಿಂದ ಕೋಕಿಲಾ ಅವರ ಸಮಕ್ಕೆ ಹೋದಳು. ಬಾಗಿಲಲ್ಲಿ ನೀಲಿ ಜಾಕೆಟ್ಟಿನವನೊಬ್ಬ ಬಂದವರ ಕಾರ್ಡು ತೆಗೆದುಕೊಂಡು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದ. ಮಿಜುಕಿ ಕೊಟ್ಟಳು. ಅನು ಕೊಟ್ಟಳು. ಕಾರ್ಡು ಪೆಟ್ಟಿಗೆಯೊಳಗೆ ಬಿತ್ತು.

"ಅನು, ಕಾರ್ಡು, ಅನು." ನೂರಾರು ಜನರ ಗದ್ದಲ. ಹಸಿರು ತೋಳು ಒಳಗೆ ಹೋಗಿಬಿಟ್ಟಿತು. ಕೋಕಿಲಾ ಬೇಲಿ ದಾಟಿ ನೀಲಿ ಜಾಕೆಟ್ಟಿನವನ ಬಳಿ ಓಡಿ, ಪೆಟ್ಟಿಗೆ ತೋರಿಸಿ, ತನಗೆ ಬರುವ ಜಪಾನೀಯನ್ನೆಲ್ಲ ಕೂಡಿಸಿದಳು. ಮಗಳು, ನಂಬರು, ಹಿಂದುಗಡೆ. ಅವನು ಸೌಜನ್ಯದಿಂದ ಎರಡೂ ಕೈ ಚಾಚಿ, ತಂದೆತಾಯಿಯರಿಗೆ ನಿಲ್ಲುವ ಜಾಗ ಆ ಕಡೆ ಎಂದು ತೋರಿಸಿದ. ಅವಳು ಪೆಟ್ಟಿಗೆಗೆ ಕೈ ಹಾಕಲು ಹೋದಾಗ ಇನ್ನೊಬ್ಬ ಬಂದ. ಅವಳ ಕಣ್ಣೆದುರೇ ಪೆಟ್ಟಿಗೆ ತುಂಬಿತು, ಅದನ್ನು ಒಳಗೊಯ್ದು ಹೊಸ ಪೆಟ್ಟಿಗೆ ಇಟ್ಟರು.

ಮುಗಿದಾಗ ಜನ ಆರು ಬಾಗಿಲುಗಳಿಂದ ಹೊರಬಂದರು. ಕೋಕಿಲಾ ಆರರ ನಡುವೆಯೂ ಓಡಾಡಿದಳು. ಕತ್ತಲಾಗುವವರೆಗೆ ಓಡಾಡಿದಳು. ಬೆಳಗ್ಗೆ ನಿಂತಿದ್ದ ತಿರುವಿಗೆ ಬಂದಾಗ ಯಾರೋ ಇಡ್ಲಿ ಪಾತ್ರೆಯನ್ನು ಎತ್ತಿ ಗೋಡೆಯ ಪಕ್ಕಕ್ಕೆ ಜೋಪಾನವಾಗಿ ಇಟ್ಟು ಹೋಗಿದ್ದರು.

ಮನೆಯಲ್ಲಿ ಮಧುಕರ್ ಅನ್ನ ಸಾರು ಮಾಡಿಟ್ಟಿದ್ದ.

"ಸಿಕ್ಕಿದ್ಲಾ?"

"ಸಿಕ್ಕಿದ್ಲು."

ಅವಳು ಎಲ್ಲ ಹೇಳಿದಳು, ಅಕ್ಕಿ ಡಬ್ಬದ್ದೂ, ಜೊತೆಗೆ ಕೂತು ಹುಡುಕಿದ್ದೂ. ಅವನು ತಟ್ಟೆಯಲ್ಲಿ ಬೆರಳಾಡಿಸಿದ. "ಎಲ್ಲಿಟ್ಟೆ ಅಂತ ನಾನೂ ಕೇಳ್ಲಿಲ್ಲ," ಎಂದ. "ಕೇಳಿದ್ರೆ ನಾನೇ ತೆಗೆದು ಕೊಟ್ಬಿಡ್ತೀನೇನೋ ಅಂತ."

ಗುರುವಾರ ನರಿತಾಕ್ಕೆ ಅವರು ಒಂಬತ್ತಕ್ಕೇ ಬಂದರು. ಸಾಮಾನು ಕೊಟ್ಟಾದ ಮೇಲೆ ಮಧುಕರ್ ಸುತ್ತ ನೋಡಿ, "ನೀನು ಈ ಗಡಿಯಾರದ ಕೆಳಗೆ ನಿಂತಿರು, ಎಲ್ಲ ಕಡೆಯಿಂದಲೂ ಕಾಣುತ್ತೆ," ಎಂದ. "ನಾನು ಆಚೆ ಹೋಗಿರ್ತೀನಿ. ನನ್ನ ನೋಡಿ ವಾಪಸ್ ಹೋಗ್ಬಿಟ್ರೆ ಕಷ್ಟ."

ಕೋಕಿಲಾ ನಿಂತಳು. ಹತ್ತಾಯಿತು. ಹನ್ನೊಂದಾಯಿತು. ಗಾಜಿನ ಬಾಗಿಲು ತೆರೆದಾಗಲೆಲ್ಲ ಅವಳ ಕತ್ತು ಆ ಕಡೆ ತಿರುಗುತ್ತಿತ್ತು. ಹನ್ನೊಂದೂ ಮುಕ್ಕಾಲಿಗೆ ಅವರ ವಿಮಾನದ ಹೆಸರು ಕೂಗಿದರು. ಅವಳು ಇನ್ನೂ ಹತ್ತು ನಿಮಿಷ ನಿಂತು, ಆಮೇಲೆ ಗಂಡನನ್ನು ಹುಡುಕಿಕೊಂಡು ಹೊರಟಳು.

ಮೊಗಸಾಲೆಯ ತುದಿಯಲ್ಲಿ, ಎರಡು ತಂಪುಪಾನೀಯದ ಯಂತ್ರಗಳ ನಡುವಿನ ಸಂದಿಯಲ್ಲಿ, ಗೋಡೆಗೆ ಮುಖಮಾಡಿ ಅವನು ನಿಂತಿದ್ದ. ಎರಡು ಗಂಟೆಗೂ ಹೆಚ್ಚು ಹೊತ್ತು ಹಾಗೇ ನಿಂತಿದ್ದನೆಂದು ಕೋಟಿನ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಹೆಜ್ಜೆ ಸಪ್ಪಳ ಕೇಳಿದರೂ ತಿರುಗಲಿಲ್ಲ.

"ಬಂದ್ಲಾ?" ಎಂದು ಗೋಡೆಯನ್ನೇ ಕೇಳಿದ.

"ಇಲ್ಲ, ಬನ್ನಿ," ಎಂದು ಕೋಕಿಲಾ ಅವನ ತೋಳು ಹಿಡಿದಳು.