ಜಮೀಲಾಳ ಸಂತಾಪ ಸಭೆ

ಉಚ್ಚಿಲದ ಧರ್ಮಪಾಲ ಮೈಕಿನ ಮುಂದೆ ನಿಂತನೆಂದರೆ ಹಿಂದಿನ ಸಾಲಿನಲ್ಲಿ ಕಡ್ಲೆ ತಿನ್ನುತ್ತಿದ್ದವರೂ ಕಣ್ಣು ಒರೆಸಿಕೊಳ್ಳಬೇಕು, ಅಂಥ ನಾಲಗೆ. ಉಡುಪಿಯ ಕಾಲೇಜಿನಲ್ಲಿ ಅವನು ಬಿ.ಎ. ಎರಡನೇ ವರ್ಷಕ್ಕೆ ಬಂದದ್ದು ಎಂಬತ್ತೆರಡನೇ ಇಸವಿಯಲ್ಲಿ. ಅಷ್ಟರಲ್ಲೇ ಭಾಷಣ ಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲಿನ ಲೋಟಗಳಲ್ಲಿ ಅವನ ಮನೆಮಂದಿಯೆಲ್ಲ ಚಾ ಕುಡಿಯುತ್ತಿದ್ದರು. ಅಪ್ಪ ದೂಮಪ್ಪನಿಗೆ ಮಾತ್ರ ಈ ನಾಲಗೆಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಬಲೆ ಎಳೆಯಲು ಬಾ ಎಂದರೆ ಮಗ ಶ್ರಮದ ಮಹತ್ವವನ್ನು ವಿವರಿಸುತ್ತಾನೆ, ವಿವರಣೆ ಮುಗಿಯುವಾಗ ಬಲೆ ದಡಕ್ಕೆ ಬಂದಿರುತ್ತದೆ ಎಂದು ಅವನ ದೂರು.

ಇಂಥ ನಾಲಗೆಯನ್ನು ಕಾಲೇಜಿನ ಕಾರುಣ್ಯ ಸೇವಾ ಸಂಘ ಸುಮ್ಮನೆ ಬಿಟ್ಟೀತೆ? ಅವನನ್ನು ಕಾರ್ಯದರ್ಶಿ ಮಾಡಿತು. ಅಧ್ಯಕ್ಷರು ಅರ್ಥಶಾಸ್ತ್ರ ಕಲಿಸುವ ಅಲೆಕ್ಸಾಂಡರ್ ಸರ್. ಅವರ ಮಟ್ಟಿಗೆ ಕಾರುಣ್ಯವೆಂದರೆ ಕಿತ್ತಳೆ ಹಣ್ಣು. ಊರಿನಲ್ಲಿ ಯಾರ ಜಯಂತಿ ಬರಲಿ, ಯಾವ ಸೊಸೈಟಿಗೆ ಬೆಳ್ಳಿಹಬ್ಬವಾಗಲಿ, ಸಂಘ ಕಿತ್ತಳೆಯ ಬುಟ್ಟಿ ಹೊತ್ತುಕೊಂಡು ಮಣಿಪಾಲದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೊರಡುತ್ತಿತ್ತು. ಜೊತೆಗೆ ಒಬ್ಬರು ಮುಖ್ಯ ಅತಿಥಿ, ಒಬ್ಬ ಫೋಟೋಗ್ರಾಫರ್. ಅತಿಥಿಗಳು ಹಣ್ಣು ಕೊಡುತ್ತ ಕ್ಯಾಮರಾದ ಕಡೆ ನೋಡಬೇಕು, ಮಗು ಹಣ್ಣು ತೆಗೆದುಕೊಳ್ಳುತ್ತ ಅತಿಥಿಗಳ ಕಡೆ ನೋಡಬೇಕು. ಫ್ಲಾಶ್ ಹೊಡೆದ ಮೇಲೆ ಸಿಸ್ಟರ್ ಇಮೆಲ್ಡಾ ಬಂದು ಹಣ್ಣುಗಳನ್ನೆಲ್ಲ ಪುನಃ ಬುಟ್ಟಿಗೆ ಹಾಕುತ್ತಿದ್ದರು. ಆ ವಾರ್ಡಿನ ಹೆಚ್ಚಿನ ಮಕ್ಕಳಿಗೆ ಹೊರಗಿನ ಹಣ್ಣು ಕೊಡಬಾರದೆಂದು ಡಾಕ್ಟರರ ಅಪ್ಪಣೆ ಇತ್ತು. ಹಾಗೆಂದು ಸಂಘಕ್ಕೆ ಹೇಳಿಯೂ ಆಗಿತ್ತು. ಆದರೆ ಫೋಟೋದಲ್ಲಿ ಕಿತ್ತಳೆಯ ಬಣ್ಣ ಎದ್ದು ಕಾಣುತ್ತದೆ ಎಂಬುದು ಅಲೆಕ್ಸಾಂಡರ್ ಸರ್ ಅಭಿಪ್ರಾಯ. ಪೇಪರಿನಲ್ಲಿ ಬರುವುದು ಕಪ್ಪು ಬಿಳುಪಿನ ಫೋಟೋ ಎಂದು ಅವರಿಗೆ ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಕಾಪುವಿನ ಜಮೀಲಾ ಆ ವಾರ್ಡಿನ ಹಳೇ ಹುಲಿ. ಹತ್ತು ವರ್ಷದ ಹುಡುಗಿ, ರಕ್ತದ ಕ್ಯಾನ್ಸರ್. ಮದ್ದಿಗೆ ಕೂದಲೆಲ್ಲ ಉದುರಿ ತಲೆಗೆ ಹಸಿರು ವಸ್ತ್ರ ಕಟ್ಟಿಕೊಂಡಿದ್ದಳು. ಅಪ್ಪ ಹಸೈನಾರ್ ದುಬಾಯಿಯಲ್ಲಿ. ಕಾಗದದ ಬದಲು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದ. ಅಮ್ಮ ಸಫಿಯಾ ಮಂಚದ ಪಕ್ಕ ಚಾಪೆ ಹಾಸಿಕೊಂಡು ಉಳಿದಿದ್ದಳು. ಎಷ್ಟೋ ಅತಿಥಿಗಳನ್ನು ಕಂಡಿದ್ದ ಜಮೀಲಾಳಿಗೆ ಫೋಟೋದ ಕೆಲಸ ಫೋಟೋಗ್ರಾಫರನಿಗಿಂತ ಚೆನ್ನಾಗಿ ಬರುತ್ತಿತ್ತು.

"ಅಣ್ಣಾ, ಇವತ್ತಿನ ಸಾಹುಕಾರರನ್ನು ಆ ಕಡೆ ನಿಲ್ಲಿಸಿ. ಈ ಕಡೆಯ ಕೆನ್ನೆ ನನಗೆ ಊದಿಕೊಂಡಿದೆ" ಎಂದು ಧರ್ಮಪಾಲನಿಗೇ ಆಜ್ಞೆ ಮಾಡುತ್ತಿದ್ದಳು.

ಒಂದು ದಿನ ಅತಿಥಿಗಳು ಹೋದ ಮೇಲೆ ಅವನನ್ನು ಹತ್ತಿರ ಕರೆದಳು. "ಬರುವ ಗುರುವಾರ ನನಗೆ ಬೆನ್ನಿಗೆ ಸೂಜಿ ಉಂಟು. ಉಮ್ಮ ಸೂಜಿ ನೋಡಿದರೆ ತಲೆ ತಿರುಗಿ ಬೀಳ್ತಾರೆ. ಆಮೇಲೆ ಎಲ್ಲರೂ ಉಮ್ಮನನ್ನೇ ಎತ್ತುವುದು. ನೀವು ಬಂದು ನನ್ನ ಕೈ ಹಿಡಿದುಕೊಳ್ತೀರಾ?"

"ಖಂಡಿತ ಬರ್ತೇನೆ" ಎಂದ ಧರ್ಮಪಾಲ. ಹೇಳುವಾಗ ಅವನ ಧ್ವನಿ ಎಷ್ಟು ಚೆನ್ನಾಗಿ ನಡುಗಿತೆಂದರೆ ಸಫಿಯಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಗುರುವಾರ ಕಾರ್ಕಳದ ಅಕ್ಕಿ ಗಿರಣಿಯ ಧಣಿಗಳು ಸಂಘದ ವಾರ್ಷಿಕೋತ್ಸವಕ್ಕೆ ಬರುವವರಿದ್ದರು. ಅವರನ್ನು ಬಸ್‌ಸ್ಟ್ಯಾಂಡಿನಲ್ಲಿ ಎದುರುಗೊಳ್ಳಲು ಯಾರಾದರೂ ಸಾಕಿತ್ತು. ನಾನೇ ಹೋಗುತ್ತೇನೆ ಎಂದು ಧರ್ಮಪಾಲ ಹಾರ ಹಿಡಿದು ನಿಂತ. ಗಿರಣಿಯ ಧಣಿಗಳ ಮೇಲೆ ಅವನಿಗೇನೂ ವಿಶೇಷ ಪ್ರೀತಿ ಇರಲಿಲ್ಲ. ಸೂಜಿ ಎಂದರೆ ಅವನಿಗೂ ಹೆದರಿಕೆ, ಅಷ್ಟೇ.

ಮರುವಾರ ಮುಖ ಗಟ್ಟಿಮಾಡಿಕೊಂಡು ವಾರ್ಡಿಗೆ ಹೋದ. ಜಮೀಲಾಳ ಮಂಚ ಖಾಲಿ. ಹಾಸಿಗೆ ಸುರುಳಿ ಸುತ್ತಿ ಇಟ್ಟಿದ್ದರು, ಮಂಚದ ಕಬ್ಬಿಣ ಒರೆಸಿ ತೊಳೆದಿದ್ದರು, ಚಾಪೆಯೂ ಇಲ್ಲ, ಕ್ಯಾಸೆಟ್ಟೂ ಇಲ್ಲ. ಇಮೆಲ್ಡಾಗೆ ಅಂದು ರಜೆ. ಆಚೆ ಮೇಜಿನಲ್ಲಿ ಬೇರೊಬ್ಬ ಸಿಸ್ಟರ್ ಕುಳಿತಿದ್ದರು, ಕೇಳಬಹುದಿತ್ತು. ಬರಬಹುದಾದ ಉತ್ತರಕ್ಕೆ ಹೆದರಿ ಅವನು ಕೇಳಲಿಲ್ಲ. ಬಸ್ಸಿನಲ್ಲಿ ಅಳುತ್ತಲೇ ಕಾಲೇಜಿಗೆ ಬಂದ. ಆ ಅಳು ನಿಜವಾದದ್ದು.

"ಹೋದಳಾ? ಛೆ ಛೆ" ಎಂದರು ಅಲೆಕ್ಸಾಂಡರ್ ಸರ್. ಒಂದು ಉಸಿರು ಬಿಟ್ಟು, "ಸಂತಾಪ ಸಭೆ ಮಾಡಬೇಕು ಮಾರಾಯ. ನಮ್ಮ ಸಂಘದ ಫಲಾನುಭವಿಯಲ್ವಾ?" ಎಂದು ಕಾರ್ಯಕ್ಕಿಳಿದರು.

ಕೊನೆಯ ಪೀರಿಯಡ್ ರದ್ದಾಯಿತೆಂದು ತಿಳಿದು ಇಡೀ ಕಾಲೇಜು ದುಃಖದಲ್ಲಿ ಪಾಲ್ಗೊಂಡಿತು. ವೇದಿಕೆಯಲ್ಲಿ ಜಮೀಲಾಳ ಫೋಟೋಗೆ ಗಂಧದ ಹಾರ. ಹಣ್ಣು ಹಂಚಿದ ಫೋಟೋವನ್ನೇ ಕತ್ತರಿಸಿ ದೊಡ್ಡದು ಮಾಡಿಸಿದ್ದರಿಂದ ಅದರ ಮೂಲೆಯಲ್ಲಿ ಯಾರೋ ಅತಿಥಿಗಳ ಉಂಗುರದ ಕೈ ಉಳಿದುಬಿಟ್ಟಿತ್ತು. ಧರ್ಮಪಾಲ ಮಾತಾಡಿದ. ಅರಳುವ ಮೊದಲೇ ಬಾಡಿದ ಮೊಗ್ಗು ಎಂದ, ನೋವಿನಲ್ಲೂ ನಕ್ಕ ನಕ್ಷತ್ರ ಎಂದ. ಅಡಿಗೆ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಕ್ಯಾಂಟೀನಿನ ಸುಂದರಿಯಕ್ಕ ಬಿಕ್ಕಿ ಅತ್ತರು. ಮುಗಿದಾಗ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು, ಅದಕ್ಕೆ ಎಲ್ಲರೂ ತಟ್ಟಿದರು. ಅವನಿಗೂ ಒಳಗೊಳಗೇ ಖುಷಿಯಾಯಿತು. ಸಂತಾಪ ನಿರ್ಣಯದ ಪ್ರತಿಯನ್ನೂ ಫೋಟೋವನ್ನೂ ದುಃಖತಪ್ತ ಕುಟುಂಬಕ್ಕೆ ತಲುಪಿಸುವುದೆಂದು ತೀರ್ಮಾನವಾಯಿತು. ಊರಿಗೆ ಹೋಗುವ ದಾರಿಯಲ್ಲೇ ಕಾಪು ಸಿಗುವುದರಿಂದ ಆ ಭಾರವೂ ಅವನಿಗೇ ಬಿತ್ತು.

ಕಾಪುವಿನಲ್ಲಿ ಬಸ್ಸಿಳಿದು, ಪೇಪರಿನಲ್ಲಿ ಸುತ್ತಿದ ಫೋಟೋವನ್ನೂ ನಿರ್ಣಯವನ್ನೂ ಕಂಕುಳಲ್ಲಿ ಇಟ್ಟುಕೊಂಡು, ದಾರಿಯುದ್ದಕ್ಕೂ ಸಾಂತ್ವನದ ವಾಕ್ಯಗಳನ್ನು ಬಾಯಿಪಾಠ ಮಾಡುತ್ತ ಹೋದ. ಹಸೈನಾರ್ ಮನೆಯ ಜಗಲಿಯಲ್ಲಿ ಹಸಿರು ವಸ್ತ್ರ ಕಟ್ಟಿಕೊಂಡ ಒಬ್ಬಳು ಹುಡುಗಿ ಕಾಲು ಚಾಚಿ ಕುಳಿತು ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ಅಣ್ಣಾ! ಎಂತ, ಪಿಶಾಚಿ ಕಂಡವರ ಹಾಗೆ ನಿಂತದ್ದು?"

ಧರ್ಮಪಾಲ ಮೆಟ್ಟಿಲ ಮೇಲೆ ಕುಸಿದು ಕುಳಿತ. ಒಳಗಿಂದ ಓಡಿ ಬಂದ ಸಫಿಯಾ, "ಬಿಸಿಲಿಗೆ ಬಂದದ್ದು ಪಾಪ" ಎಂದು ನೀರು ತಂದುಕೊಟ್ಟಳು. ರಕ್ತ ಸ್ವಲ್ಪ ಸುಧಾರಿಸಿದೆ, ಮುಂದಿನ ಸೂಜಿಯವರೆಗೆ ಮನೆಯಲ್ಲಿರಲಿ ಎಂದು ಡಾಕ್ಟರೇ ಕಳುಹಿಸಿದ್ದಾರೆ ಎಂದಳು. ಅವನು ನೀರು ಕುಡಿಯುವಷ್ಟರಲ್ಲಿ ಜಮೀಲಾ ಕೈ ತೊಳೆದು ಬಂದು ಪೇಪರ್ ಬಿಚ್ಚಿಯಾಗಿತ್ತು. ಕಾಪುವಿನ ಕನ್ನಡ ಶಾಲೆಯಲ್ಲಿ ಓದುವ ಹುಡುಗಿ, ತಡೆಯುವಂತಿರಲಿಲ್ಲ.

"‘ಸದಾ ಹಸನ್ಮುಖಿಯೂ ಸಹನಾಮೂರ್ತಿಯೂ ಆಗಿದ್ದ ಕುಮಾರಿ ಜಮೀಲಾಳ ಅಕಾಲಿಕ...’" ಅವಳು ನಿಲ್ಲಿಸಿದಳು. ಉಳಿದದ್ದನ್ನು ತುಟಿ ಅಲ್ಲಾಡಿಸಿ ಓದಿದಳು. ಅವನಿಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗೋಣ ಎನಿಸಿತು.

"ಹಸನ್ಮುಖಿ ಅಂದರೆ ಯಾವಾಗಲೂ ನಗುವವಳು, ಅಲ್ವಾ?"

"ಹೌದು."

"ಸೂಜಿಯ ದಿನ ನಾನು ಸಿಸ್ಟರಿಗೆ ಕಚ್ಚಿದೆ. ರಕ್ತ ಬಂತು. ನಿಮಗೆ ಗೊತ್ತಿಲ್ವಾ?"

"ಇಲ್ಲ."

"ಹೇಗೆ ಗೊತ್ತಾಗ್ತದೆ? ನೀವು ಬರಲೇ ಇಲ್ಲ."

ಹೇಳಿಕೊಳ್ಳಲು ಗಿರಣಿಯ ಧಣಿಗಳಿದ್ದರು, ಹಾರವಿತ್ತು. ಅವನು ಖಾಲಿ ಲೋಟವನ್ನೇ ಮತ್ತೆ ಬಾಯಿಗೆ ಹಿಡಿದ. ಕನ್ನಡ ಓದಲು ಬಾರದ ಸಫಿಯಾ ಕಾಗದದ ಕಡೆ ಕತ್ತು ಚಾಚಿದಳು. "ಎಂತ ಬರೆದಿದ್ದಾರೆ ಮಗಳೇ?"

ಜಮೀಲಾ ಧರ್ಮಪಾಲನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. "ನನಗೆ ಬಹುಮಾನ ಉಮ್ಮ. ಕಾಲೇಜಿನವರದ್ದು" ಎಂದು ಕಾಗದ ಮಡಚಿದಳು.

ಸಫಿಯಾ ಹಿಗ್ಗಿ ಹೋದಳು. ಗೋಡೆಗೆ ಫೋಟೋ ಹಾಕುವ ಕ್ರಮ ತಮ್ಮಲ್ಲಿಲ್ಲ, ಅವಳ ಅಪ್ಪ ಬಂದಾಗ ತೋರಿಸಲು ಪೆಟ್ಟಿಗೆಯಲ್ಲಿ ಇಡುತ್ತೇನೆ ಎಂದು ಹಾರದ ಸಮೇತ ಒಳಗೆ ಒಯ್ದಳು. ಅವನಿಗೂ ಒಂದು ಬಂಗುಡೆ ಬಂತು. ಅವನು ಅದರ ಮುಳ್ಳನ್ನೇ ಬಿಡಿಸುತ್ತ ಕುಳಿತ. ಹೊರಡುವಾಗ ಜಮೀಲಾ, "ಬರುವ ಗುರುವಾರ ಪುನಃ ಸೂಜಿ" ಎಂದಳು. ಬನ್ನಿ ಎನ್ನಲಿಲ್ಲ.

ಆ ಗುರುವಾರವೇ ಕಾರ್ಕಳದಲ್ಲಿ ಗಿರಣಿಯ ಧಣಿಗಳಿಂದ ಧರ್ಮಪಾಲನಿಗೆ ಉತ್ತಮ ಸ್ವಯಂಸೇವಕನೆಂದು ಶಾಲು ಹೊದೆಸುವ ಸಮಾರಂಭ. ಅಲೆಕ್ಸಾಂಡರ್ ಸರ್ ಜೊತೆ ಕಾರ್ಕಳದ ಬಸ್ಸು ಹತ್ತಿದವನು ನಡುವೆ ಮಣಿಪಾಲ ಬಂದಾಗ, "ಸರ್, ಆ ಹುಡುಗಿ ಬದುಕಿದ್ದಾಳೆ. ಇವತ್ತು ಅವಳಿಗೆ ಸೂಜಿ ಉಂಟು" ಎಂದು ಇಳಿದೇಬಿಟ್ಟ. ಸರ್ ಕಿಟಕಿಯಿಂದ ತಲೆ ಹೊರಹಾಕಿ, "ಬದುಕಿದ್ದಾಳಾ? ಸಂತೋಷ! ಆದರೆ ವಾರ್ಷಿಕ ವರದಿ ಪ್ರಿಂಟಾಗಿದೆಯಲ್ಲ ಮಾರಾಯ!" ಎಂದು ಕೂಗುತ್ತಿದ್ದಂತೆ ಬಸ್ಸು ಹೋಯಿತು.

ಜಮೀಲಾಳನ್ನು ಮುದುರಿಸಿ ಒಂದು ಮಗ್ಗುಲಿಗೆ ಮಲಗಿಸಿದ್ದರು. ಅವನು ಕೈ ಹಿಡಿದ. ಅವಳ ಉಗುರು ಅವನ ಅಂಗೈಯೊಳಗೆ ಇಳಿಯಿತು. "ಏನಾದರೂ ಮಾತಾಡಿ" ಎಂದಳು ಹಲ್ಲು ಕಚ್ಚಿ. ಮಾತಿನ ಮಲ್ಲನಿಗೆ ಒಂದು ಅಕ್ಷರ ಹೊರಡಲಿಲ್ಲ. "ಬೇಗ!" ಎಂದಳು. ಗಾಬರಿಯಲ್ಲಿ, "ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುಗಳೇ, ನೆರೆದಿರುವ ಸಹೃದಯ ಬಂಧುಗಳೇ..." ಎಂದು ಶುರುಮಾಡಿದ. ಜಮೀಲಾ ನಗತೊಡಗಿದಳು. ಅಲ್ಲಾಡಬೇಡ ಎಂದು ಡಾಕ್ಟರರು ಅವಳನ್ನು ಗದರಿದರು, ಬಾಯಿ ಮುಚ್ಚು ಎಂದು ಇವನನ್ನು ಗದರಿದರು. ಆಗಲೇ ಇವನ ತಲೆ ತಿರುಗತೊಡಗಿತ್ತು, ಆದರೆ ಬೀಳಲಿಲ್ಲ.

ಅಲ್ಲಿಂದ ಸೂಜಿ ಇದ್ದ ಗುರುವಾರವೆಲ್ಲ ಹೋದ. ಅವಳ ಸಿಡುಕು, ಸುಳ್ಳು, ವಾಂತಿ, ಲೆಕ್ಕದ ಪಾಠದ ಮೇಲಿನ ದ್ವೇಷ ಎಲ್ಲವೂ ಪರಿಚಯವಾಯಿತು. ಆ ವರ್ಷ ಭಾಷಣ ಸ್ಪರ್ಧೆಯಲ್ಲಿ ಅವನಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ. ವಾಕ್ಯದ ನಡುವೆ ನಿಂತು ಇದು ನಿಜವಾ ಎಂದು ಯೋಚಿಸುವವನಿಗೆ ಯಾರು ಲೋಟ ಕೊಡುತ್ತಾರೆ? ದೂಮಪ್ಪನಿಗೆ ಮಾತ್ರ, ಮಗ ಈಗ ಕರೆದರೆ ಸುಮ್ಮನೆ ಬಂದು ಬಲೆ ಎಳೆಯುತ್ತಾನೆ ಎಂದು ಆಶ್ಚರ್ಯ.

ಮುಂದಿನ ಮಳೆಗಾಲದಲ್ಲಿ ಜಮೀಲಾಳ ರಕ್ತ ಮತ್ತೆ ಕೆಟ್ಟಿತು. ಈ ಸಲ ಮದ್ದು ಹಿಡಿಯಲಿಲ್ಲ. ಹಿಂದಿನ ಸಂಜೆಯವರೆಗೂ ಅವಳ ಪಕ್ಕದಲ್ಲೇ ಇದ್ದ ಧರ್ಮಪಾಲನಿಗೆ ಬೆಳಿಗ್ಗೆ ಕಾಲೇಜಿನಲ್ಲಿ ಸುದ್ದಿ ತಿಳಿಯಿತು. ಸ್ಟಾಫ್‌ರೂಮಿಗೆ ಹೋಗಿ ಅಲೆಕ್ಸಾಂಡರ್ ಸರ್ ಎದುರು ನಿಂತ.

"ಜಮೀಲಾ ಹೋದಳು ಸರ್."

ಸರ್ ಕನ್ನಡಕ ತೆಗೆದರು. "ಯಾರು, ಕಾಪುವಿನ ಹುಡುಗಿಯಾ? ಅವಳದ್ದು ಆಗಿದೆಯಲ್ಲ ಮಾರಾಯ. ಒಬ್ಬರಿಗೇ ಎರಡು ಸಲ ಸಂತಾಪ ಸೂಚಿಸಲಿಕ್ಕೆ ಸಂಘದ ನಿಯಮದಲ್ಲಿ ಅವಕಾಶ ಇಲ್ಲ."

"ಸಭೆ ಬೇಡ ಸರ್. ಕಾಪುವಿಗೆ ಹೋಗಲಿಕ್ಕೆ ಇವತ್ತು ನನಗೆ ರಜೆ ಬೇಕು."

"ರಜೆಯಾ? ಸಂಬಂಧದವಳಾ ನಿನಗೆ?"

ಧರ್ಮಪಾಲ ರಜೆಯ ಚೀಟಿಯನ್ನು ಮೇಜಿನ ಮೇಲೆ ಇಟ್ಟ.

"ಅಲ್ಲ ಸರ್. ಗೊತ್ತಿದ್ದವಳು."